‘ಕಮ್ಮಿ ಆಗಿತ್ರಿ ಮೇಡಂ’

ಡಿಸೆಂಬರ್ ಎರಡನೇ ವಾರದಿಂದ ನನ್ನ ಒಪಿಡಿಯಲ್ಲಿ ತೊಗರಿ ಹೊಟ್ಟಿನ ವಾಸನೆ ಶುರುವಾಗುತ್ತದೆ. ರಾಶಿ ಮಾಡುತ್ತಿದ್ದವರು ಮೈ ಝಾಡಿಸಿಕೊಳ್ಳದೆ ಹಾಗೇ ಬಸ್ಸು ಹತ್ತಿ ಬಂದಿರುತ್ತಾರೆ. ಒಂದು ಕಣ್ಣಿಗೆ ಟವೆಲ್ಲು ಒತ್ತಿಕೊಂಡು, ಇನ್ನೊಂದರಲ್ಲಿ ನನ್ನನ್ನು ನೋಡುತ್ತ ಕೂಡುತ್ತಾರೆ. ಕಸ ಯಾವಾಗ ಬಿತ್ತು ಎಂದರೆ ‘ಹನ್ನೆರಡ್ ದಿನ ಆತ್ರಿ’ ಎನ್ನುತ್ತಾರೆ. ಇಷ್ಟು ದಿನ ಏನು ಮಾಡಿದಿರಿ? ‘ಡ್ರಾಪ್ಸ್ ಹಾಕೊಂಡಿದ್ದೆರಿ. ಕಮ್ಮಿ ಆಗಿತ್ರಿ ಮೇಡಂ.’

ಈ ‘ಕಮ್ಮಿ ಆಗಿತ್ರಿ’ ಎಂಬ ಮಾತಿನ ಮೇಲೇ ಈ ಸಲದ ಅಂಕಣ. ಪೊರೆ ಬಗ್ಗೆ ಬರೀರಿ, ಶುಗರ್‌ನಿಂದ ಕಣ್ಣು ಹೋಗೋದರ ಬಗ್ಗೆ ಬರೀರಿ ಎನ್ನುವವರು ಬಹಳ. ಅವಕ್ಕೆ ಒಂದೊಂದು ಸಾಲು ಸಾಕು. ಪೊರೆ ಬಲಿಯಲಿ ಎಂದು ಕಾಯುವ ಕಾಲ ಹೋಯಿತು, ಕೆಲಸಕ್ಕೆ ತೊಡಕಾದಾಗ ತೆಗೆಸಿ ಲೆನ್ಸ್ ಹಾಕಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ನರಪದರ ತೋರಿಸಿ. ನಲವತ್ತು ದಾಟಿದವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಕಣ್ಣಿನ ಒತ್ತಡ ನೋಡಿಸಿ. ಇವನ್ನೆಲ್ಲ ನಮ್ಮ ಜನ ತಡವಾಗಿಯಾದರೂ ಒಪ್ಪುತ್ತಾರೆ. ವೈದ್ಯರನ್ನು ಕೇಳದೆ ಡ್ರಾಪ್ಸ್ ಹಾಕಿಕೊಳ್ಳಬೇಡಿ ಎಂಬ ಮಾತು ಮಾತ್ರ ಒಪ್ಪುವುದಿಲ್ಲ.

ಚಿತ್ತಾಪುರ ಕಡೆಯ ಒಬ್ಬ ರೈತರ ಕತೆ ಹೇಳುತ್ತೇನೆ. ವಯಸ್ಸು ಐವತ್ತೈದರ ಆಸುಪಾಸು, ನಾನು ಕಾಕಾ ಎನ್ನುತ್ತಿದ್ದೆ. ರಾಶಿ ಮಷೀನಿನ ಮುಂದೆ ನಿಂತಾಗ ಎಡಗಣ್ಣಿಗೆ ಏನೋ ಬಡಿದಿದೆ. ಅವತ್ತು ಸಂಜೆ ಊರಲ್ಲಿ ನಾಲಿಗೆಯಿಂದ ಕಸ ತೆಗೆಯುವ ಮುದುಕಿಯೊಬ್ಬರ ಹತ್ತಿರ ಹೋಗಿದ್ದಾರೆ. ಮರುದಿನ ಕಣ್ಣು ಕೆಂಪು. ಅಣ್ಣನಿಗೆ ಹೋದ ಬೇಸಿಗೆಯಲ್ಲಿ ಪೊರೆ ಆಪರೇಷನ್ ಆಗಿತ್ತು, ಆಗ ಕೊಟ್ಟ ಡ್ರಾಪ್ಸ್ ಬಾಟಲಿ ಗೋಡೆಯ ಮಾಡದಲ್ಲಿ ಇತ್ತು. ಅದನ್ನೇ ದಿನಕ್ಕೆ ನಾಲ್ಕು ಸಲ ಹಾಕಿಕೊಂಡಿದ್ದಾರೆ. ಎರಡೇ ದಿನದಲ್ಲಿ ಕೆಂಪು ಇಳಿಯಿತು, ನೋವು ಇಳಿಯಿತು, ಕಾಕಾ ಮತ್ತೆ ರಾಶಿಗೆ ನಿಂತರು. ಎಂಟನೇ ದಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಹನ್ನೆರಡನೇ ದಿನ ನನ್ನ ಮುಂದೆ.

‘ಮದ್ಲ ಛಲೋ ಆಗಿತ್ತು. ಆಮ್ಯಾಲ ಯಾಕ ಕೆಟ್ತು ನೋಡ್ರಿ. ಬ್ಯಾರೆ ಏನರ ಬಿದ್ದಿರಬೇಕು’ ಎಂದರು. ಮೊದಲು ಚೆನ್ನಾಗಿತ್ತು, ಆಮೇಲೆ ಬೇರೇನೋ ಆಯಿತು ಎಂಬ ಈ ಲೆಕ್ಕವನ್ನು ದಿನಕ್ಕೆ ನಾಲ್ಕು ಸಲ ಬಿಡಿಸಿ ಬಿಡಿಸಿ ನನಗೆ ಸಾಕಾಗಿದೆ. ಇನ್ನೊಮ್ಮೆ ಬಿಡಿಸುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ.

ಕಪ್ಪುಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರ ಇದೆ. ಅದಕ್ಕೆ ಕಾರ್ನಿಯಾ ಎನ್ನುತ್ತೇವೆ. ದಪ್ಪ ಅಂದರೆ ಸುಮಾರು ಅರ್ಧ ಮಿಲಿಮೀಟರ್. ಬೆಳಕು ತಡೆಯಬಾರದು ಎಂದು ಅದರಲ್ಲಿ ರಕ್ತನಾಳಗಳೇ ಇಲ್ಲ. ಅದರ ಮೇಲೆ ಹೊಟ್ಟಿನ ಚೂರೋ ತೊಗರಿ ಕಟ್ಟಿಗೆಯೋ ತರಚಿದರೆ, ರೋಗಾಣು ಸೇರದಿದ್ದಲ್ಲಿ, ಮೇಲಿನ ಚರ್ಮ ಒಂದೆರಡು ದಿನದಲ್ಲಿ ತಾನಾಗಿ ಕೂಡಿಕೊಳ್ಳುತ್ತದೆ. ಆದರೆ ಒಣಗಿದ ಬೆಳೆಯ ಮೇಲೆ, ಮಣ್ಣಿನಲ್ಲಿ ಬೂಷ್ಟು ಇದ್ದೇ ಇರುತ್ತದೆ. ತರಚಿದ ಜಾಗದಿಂದ ಅದು ಒಳಗೆ ಇಳಿಯಿತು ಅನ್ನಿ. ಕಾರ್ನಿಯಾದಲ್ಲಿ ರಕ್ತ ಹರಿಯದ ಕಾರಣ ದೇಹ ತನ್ನ ಕಾವಲಿನ ಕಣಗಳನ್ನು ಪಕ್ಕದ ಬಿಳಿಗುಡ್ಡೆಯ ನಾಳಗಳಿಂದ ಕಳಿಸಬೇಕು. ಅದಕ್ಕೆ ಆ ನಾಳಗಳು ಹಿಗ್ಗುತ್ತವೆ. ನಮಗೆ ಕಾಣುವ ಕೆಂಪು ಇದೇ. ನೋವು, ನೀರು ಸೋರುವುದು, ಬೆಳಕು ನೋಡಲಾಗದಿರುವುದು, ಎಲ್ಲ ಈ ಕಾಳಗದ ಸದ್ದು.

ಅಣ್ಣನ ಬಾಟಲಿಯಲ್ಲಿ ಇದ್ದದ್ದು ಸ್ಟಿರಾಯ್ಡ್. ಬೂಷ್ಟನ್ನು ಕೊಲ್ಲುವ ಗುಣ ಅದಕ್ಕಿಲ್ಲ. ಅದು ಮಾಡುವುದು ಒಂದೇ ಕೆಲಸ: ಕಾವಲಿನವರನ್ನು ವಾಪಸ್ಸು ಕಳಿಸುವುದು. ನಾಳಗಳು ಕುಗ್ಗುತ್ತವೆ, ಕೆಂಪು ಹೋಗುತ್ತದೆ, ನೋವು ಹೋಗುತ್ತದೆ. ಒಳಗೆ ಬೂಷ್ಟಿಗೆ ಎದುರಾಳಿಯೇ ಇಲ್ಲ, ಹಗಲು ರಾತ್ರಿ ಹಬ್ಬುತ್ತದೆ. ಅಂದರೆ ಕಾಕಾಗೆ ‘ಕಮ್ಮಿ ಆಗಿತ್ತು’ ಎಂದು ಅನಿಸಿದ ಆ ಎರಡು ದಿನಗಳಲ್ಲೇ ಕಣ್ಣು ಕೆಟ್ಟದ್ದು. ಆಮೇಲೆ ಬೇರೇನೂ ಬೀಳಲಿಲ್ಲ.

ಓದಿಕೊಂಡವರು ಇಲ್ಲೊಂದು ತಕರಾರು ತೆಗೆಯುತ್ತಾರೆ: ‘ಆ ಬಾಟಲಿಯೊಳಗ ಆಂಟಿಬಯಾಟಿಕ್ ಕೂಡ ಅದ ಅಲ್ರಿ?’ ಇದೆ. ಅಂಗಡಿಯಲ್ಲಿ ಸಿಗುವ ಜೋಡಿ ಡ್ರಾಪ್ಸ್‌ಗಳಲ್ಲಿ ಒಂದು ಆಂಟಿಬಯಾಟಿಕ್, ಒಂದು ಸ್ಟಿರಾಯ್ಡ್ ಇರುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಕ್ಕೆ. ಬೂಷ್ಟಿಗೆ ಅದು ಬರೀ ನೀರಿದ್ದಂತೆ, ಏನೂ ಮಾಡುವುದಿಲ್ಲ.

‘ಹಂಗಿದ್ರ ಅಣ್ಣನ ಕಣ್ಣಿಗೆ ಯಾಕ ಕೊಟ್ರಿ?’ ಎಂದು ಕಾಕಾ ನನ್ನನ್ನೇ ಹಿಡಿದರು. ನ್ಯಾಯವಾದ ಪ್ರಶ್ನೆ. ಪೊರೆ ತೆಗೆದ ಕಣ್ಣಿನಲ್ಲಿ ಸೋಂಕು ಇರುವುದಿಲ್ಲ, ನಾವೇ ಮಾಡಿದ ಗಾಯ ಇರುತ್ತದೆ. ಆ ಗಾಯಕ್ಕೆ ದೇಹ ಎಬ್ಬಿಸುವ ಉರಿಯೂತ ತಣಿಸಲು ಸ್ಟಿರಾಯ್ಡ್ ಬೇಕೇ ಬೇಕು. ನಾಲ್ಕರಿಂದ ಆರು ವಾರ, ಹನಿ ಇಳಿಸುತ್ತ ಇಳಿಸುತ್ತ, ನಡುನಡುವೆ ನೋಡುತ್ತ ಕೊಡುತ್ತೇವೆ. ಕಣ್ಣಿನೊಳಗಿನ ಕೆಲವು ಉರಿಯೂತಗಳಲ್ಲಿ, ಕಾರ್ನಿಯಾ ಕಸಿ ಆದಮೇಲೆ, ಸ್ಟಿರಾಯ್ಡ್ ಇಲ್ಲದಿದ್ದರೆ ಕಣ್ಣು ಹೋಗುತ್ತದೆ. ಹಾಗಾಗಿ ಇದನ್ನು ಓದಿ ಯಾರೂ ತಮ್ಮ ವೈದ್ಯರು ಬರೆದ ಸ್ಟಿರಾಯ್ಡ್ ಬಾಟಲಿಯನ್ನು ಹೆದರಿ ನಿಲ್ಲಿಸಬೇಡಿ. ನನ್ನ ಜಗಳ ಮಾಡದಲ್ಲಿಟ್ಟ ಬಾಟಲಿಯ ಜೊತೆ.

ಕಾಕಾನ ಕಣ್ಣಿಗೆ ಮೊದಲು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಮುಟ್ಟಿಸಿದೆ. ಫ್ಲೋರೆಸಿನ್ ಎಂಬ ಬಣ್ಣ. ಗದ್ದ ಇಟ್ಟು ಕೂಡುವ ಯಂತ್ರದಲ್ಲಿ ನೀಲಿ ಬೆಳಕು ಬಿಟ್ಟರೆ ಚರ್ಮ ಹೋದ ಜಾಗ ಹಸಿರಾಗಿ ಹೊಳೆಯುತ್ತದೆ. ಹುಣ್ಣು ಸಣ್ಣ ಮಣಿಯಷ್ಟಿತ್ತು. ಅಂಚು ಸಾಫಾಗಿರಲಿಲ್ಲ, ಪುಕ್ಕದಂತೆ ಒಡೆದಿತ್ತು, ಸುತ್ತ ಒಂದೆರಡು ಮರಿ ಚುಕ್ಕೆ. ಕಪ್ಪುಗುಡ್ಡೆಯ ಕೆಳತುದಿಯಲ್ಲಿ ಬಿಳಿ ಕೀವು ಗೆರೆ ಎಳೆದಂತೆ ನಿಂತಿತ್ತು. ಇಷ್ಟು ನೋಡಿದರೆ ಅಂದಾಜು ಆಗುತ್ತದೆ, ಆದರೆ ಅಂದಾಜಿನ ಮೇಲೆ ಔಷಧ ಶುರು ಮಾಡಲು ನನಗೆ ಮನಸ್ಸಾಗುವುದಿಲ್ಲ. ಮರಗಟ್ಟಿಸುವ ಹನಿ ಹಾಕಿ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದು ತೆಗೆದೆ, ಸ್ವಲ್ಪ ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡಲು, ಕಳಿಸಿದೆ, ಸ್ವಲ್ಪ ಗಾಜಿನ ಮೇಲಿಟ್ಟು ಹತ್ತು ಪರ್ಸೆಂಟಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟೆ. ಅದು ಕಣ್ಣಿನ ಜೀವಕೋಶಗಳನ್ನೆಲ್ಲ ಕರಗಿಸಿ ಬೂಷ್ಟನ್ನಷ್ಟೇ ಉಳಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಉದ್ದುದ್ದ ಎಳೆಗಳು, ನಡುನಡುವೆ ಗೆಣ್ಣು. ಮೊಬೈಲಿನಲ್ಲಿ ಫೋಟೊ ತೆಗೆದು ಕಾಕಾಗೆ ತೋರಿಸಿದೆ. ಚಂದ ಇರುವ ಕಣ್ಣಿನ ಹತ್ತಿರ ಹಿಡಿದು ನೋಡಿ, ‘ಏ, ಇದು ಕರಿಕಿ ಇದ್ದಂಗ ಅದಲ್ರಿ!’ ಎಂದರು.

ಇಪ್ಪತ್ತು ವರ್ಷ ನಾನು ಹುಡುಕುತ್ತಿದ್ದ ಉಪಮಾನ ಅದು. ಕರಿಕಿ ಹುಲ್ಲು ಹೊಲಕ್ಕೆ ಬಿದ್ದರೆ ಏನಾಗುತ್ತದೆ ಎಂದು ನಮ್ಮ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲೆ ಸವರಿದರೆ ಹೋಗುವುದಿಲ್ಲ, ಬೇರು ಅಗೆದು ತೆಗೆಯುತ್ತಲೇ ಇರಬೇಕು. ಔಷಧದ ಲೆಕ್ಕವೂ ಹಾಗೇ. ನಟಮೈಸಿನ್ ಎಂಬ ಡ್ರಾಪ್ಸ್, ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು ಹನಿ, ಆಮೇಲೆ ನಿಧಾನವಾಗಿ ಇಳಿಸುತ್ತ ವಾರಗಟ್ಟಲೆ. ಹಾಲಿನಂಥ ಔಷಧ, ತಳ ಹಿಡಿಯುತ್ತದೆ, ಅಲ್ಲಾಡಿಸದೆ ಹಾಕಿದರೆ ಬರೀ ನೀರು ಬೀಳುತ್ತದೆ. ಇದನ್ನು ಕಡುಬೆಲೆಯ ಹೊಸ ಔಷಧಕ್ಕೆ ಬದಲಿಸಿ ಎಂದು ಮಕ್ಕಳು ಬಂದು ಕೂಡುತ್ತಾರೆ. ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಹೊಸದಾದ ವೊರಿಕೊನಝೋಲ್ ಹನಿಗಿಂತ ಈ ಹಳೆಯ ನಟಮೈಸಿನ್ನೇ ಮೇಲಾಯಿತು, ವಿಶೇಷವಾಗಿ ಫ್ಯುಸೇರಿಯಂ ಜಾತಿಯ ಬೂಷ್ಟಿನಲ್ಲಿ. ಬೆಲೆ ನೋಡಿ ಔಷಧದ ಯೋಗ್ಯತೆ ಅಳೆಯಬೇಡಿ ಎಂದರೆ ಮಕ್ಕಳಿಗೆ ಸಮಾಧಾನ ಆಗುವುದಿಲ್ಲ, ಇರಲಿ.

ಸ್ಟಿರಾಯ್ಡ್ ಬಿದ್ದ ಹುಣ್ಣಿಗೆ ಔಷಧ ನಾಟುವುದು ಕಷ್ಟ. ಕೆಲವು ಕಣ್ಣುಗಳು ತೂತು ಬೀಳುತ್ತವೆ, ಆಗ ಕಾರ್ನಿಯಾ ಕಸಿಯೇ ಗತಿ. ಪುನೀತ್ ರಾಜ್‌ಕುಮಾರ್ 2021ರಲ್ಲಿ ತೀರಿಕೊಂಡು ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ‘ಹೊಸ ಕಣ್ಣ ಹಾಕಿಬಿಡ್ರಿ’ ಎಂದು ಸಲೀಸಾಗಿ ಹೇಳುವವರು ಹೆಚ್ಚಾಗಿದ್ದಾರೆ. ಹಾಕುವುದು ಇಡೀ ಗುಡ್ಡೆಯಲ್ಲ, ಆ ಅರ್ಧ ಮಿಲಿಮೀಟರ್ ಪದರವನ್ನು ಮಾತ್ರ. ಎರಡು ಕಣ್ಣು ನಾಲ್ವರಿಗೆ ಆದದ್ದು ಆ ಪದರವನ್ನೇ ಮುಂದಿನದು ಹಿಂದಿನದು ಎಂದು ಸೀಳಿ ಬಳಸಿದ್ದರಿಂದ. ತಣ್ಣಗಿರುವ ಕಣ್ಣಿಗೆ ಹೊಲಿದ ಕಸಿ ಹಿಡಿದಷ್ಟು ಸುಲಭವಾಗಿ ಸೋಂಕು ತುಂಬಿದ ಕಣ್ಣಿಗೆ ಹೊಲಿದದ್ದು ಹಿಡಿಯುವುದಿಲ್ಲ.

ತೊಗರಿ ಸುಗ್ಗಿ ಮುಗಿದರೆ ಈ ಬಾಟಲಿಯ ಕಾಟ ಮುಗಿಯಿತು ಎಂದಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದಂತೆ ಹುಡುಗರು ಬರುತ್ತಾರೆ, ಐದರಿಂದ ಹದಿನೈದು ವಯಸ್ಸಿನವರು. ಕಣ್ಣು ತಿಕ್ಕಿ ತಿಕ್ಕಿ ಕೆಂಪು, ದಾರದಂಥ ಪಿಸುರು. ಒಣ ಸೆಕೆಯ ಊರುಗಳಲ್ಲಿ ಹೆಚ್ಚು ಕಾಣುವ ಅಲರ್ಜಿ ಇದು. ಮೇಲಿನ ರೆಪ್ಪೆ ಮಗುಚಿದರೆ ಒಳಗೆ ಶಹಾಬಾದಿ ಫರ್ಸಿ ಹಾಸಿದಂತೆ ಚಪ್ಪಟೆ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಥ ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ತಾಯಿ ಕರೆತಂದದ್ದು ತುರಿಕೆಗಲ್ಲ, ಪಕ್ಕದಿಂದ ಬಂದ ಚೆಂಡು ಕಾಣುವುದಿಲ್ಲ ಎಂದು. ಮೂರು ಬೇಸಿಗೆ ಒಂದೇ ಡ್ರಾಪ್ಸ್ ಹಾಕಿದ್ದರು. ಹಾಕಿದರೆ ತುರಿಕೆ ನಿಲ್ಲುತ್ತಿತ್ತು, ಮಿರ್ಗ ಮಳೆ ಬಂದಮೇಲೆ ಬಿಡುತ್ತಿದ್ದರು. ಕಣ್ಣಿನ ಒತ್ತಡ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೊಂದರ ಒಳಗಿರಬೇಕು, ಅವನದು ಮೂವತ್ತೆಂಟು. ಸ್ಟಿರಾಯ್ಡ್ ಹನಿ ಬಹಳ ದಿನ ಬಿದ್ದರೆ ಕೆಲವರಲ್ಲಿ ಒತ್ತಡ ಏರಿ ನರ ಸವೆಯುತ್ತದೆ, ಪೊರೆಯೂ ಬರುತ್ತದೆ. ಯಾರಲ್ಲಿ ಏರುತ್ತದೆ ಎಂದು ಮುಖ ನೋಡಿ ಹೇಳಲಾಗದು, ಅಳೆದೇ ನೋಡಬೇಕು. ಒತ್ತಡ ಇಳಿಸಬಹುದು. ಸವೆದ ನರ ಮಾತ್ರ ಹುಟ್ಟುವುದಿಲ್ಲ.

‘ಮೆಡಿಕಲ್‌ನವ ನಮ್ಮೂರಾವನೇ ರೀ, ಮೋಸ ಮಾಡಂಗಿಲ್ಲ’ ಎಂದರು ಆ ತಾಯಿ, ಬೈಗುಳ ಬೀಳುವ ಮುಂಚೆಯೇ. ಅವನು ಮೋಸ ಮಾಡಿಲ್ಲ, ಅದು ನನಗೂ ಗೊತ್ತು. ಕೇಳಿದ್ದನ್ನು ಕೊಟ್ಟಿದ್ದಾನೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಆ ಡಬ್ಬಿಯ ಮೇಲೆಯೇ ಅಚ್ಚಾಗಿರುತ್ತದೆ, ಇರುವೆ ಕಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ. ಅಲ್ಲೇ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನೋಲ್ ಎಂದೇನಾದರೂ ಕಂಡರೆ ಅದು ಸ್ಟಿರಾಯ್ಡ್. ನಿಮ್ಮ ಹೆಸರಿನ ಚೀಟಿ ಇಲ್ಲದಿದ್ದರೆ, ಅದೂ ಈ ತಿಂಗಳದ್ದಲ್ಲದಿದ್ದರೆ, ಹಾಕಿಕೊಳ್ಳಬೇಡಿ. ಹೆಚ್ಚಿನ ಡ್ರಾಪ್ಸ್‌ಗಳ ಕತೆ ಬಾಯಿ ತೆಗೆದ ಒಂದು ತಿಂಗಳಿಗೆ ಮುಗಿಯಿತು.

ವೈದ್ಯರನ್ನು ಬಿಟ್ಟು ಬರೀ ಜನರನ್ನು ಬೈದರೆ ನ್ಯಾಯ ಆಗುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಶಿಬಿರವೊಂದರಲ್ಲಿ, ಮಧ್ಯಾಹ್ನದ ಊಟ ತಪ್ಪಿದ ಹೊತ್ತಿನಲ್ಲಿ, ಒಬ್ಬ ಹುಡುಗಿಯ ಕೆಂಗಣ್ಣಿಗೆ ಅಲರ್ಜಿ ಎಂದು ನಾನೇ ಸ್ಟಿರಾಯ್ಡ್ ಬರೆದೆ. ಬಣ್ಣದ ಪಟ್ಟಿ ಕೋಟಿನ ಜೇಬಿನಲ್ಲೇ ಇತ್ತು, ಮುಟ್ಟಿಸಲಿಲ್ಲ. ವಾರಕ್ಕೆ ಅವಳು ವಾಪಸ್ಸು ಬಂದಾಗ ಮುಟ್ಟಿಸಿದೆ. ಹರ್ಪಿಸ್ ವೈರಸ್ಸಿನ ಹುಣ್ಣು ಬೇವಿನ ಟೊಂಗೆಯಂತೆ ಕವಲೊಡೆದು, ಕವಲುಗಳು ಕೂಡಿಕೊಂಡು ಅಗಲವಾಗಿ ಹೊಳೆಯಿತು. ಆ ಕಣ್ಣಿನಲ್ಲಿ ಉಳಿದ ಕಲೆ ನನ್ನದು. ಅಂದಿನಿಂದ ಯಾವ ಕೆಂಗಣ್ಣನ್ನೂ ಪಟ್ಟಿ ಮುಟ್ಟಿಸದೆ ಕಳಿಸಿಲ್ಲ.

ಎಲ್ಲ ಕೆಂಗಣ್ಣೂ ಇಷ್ಟು ಭಯಂಕರ ಅಲ್ಲ. ಮಳೆಗಾಲದ ಮದ್ರಾಸ್ ಐ ಹೆಚ್ಚಾಗಿ ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಆದರೆ ನೋಟ ಮಸುಕಾದರೆ, ನೋವು ಇದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಅಥವಾ ಹೊಲದಲ್ಲಿ ಏನಾದರೂ ಬಡಿದ ಮೇಲೆ ಕೆಂಪಾಗಿದ್ದರೆ ಮರುದಿನಕ್ಕೆ ತಳ್ಳಬೇಡಿ. ಸ್ವಚ್ಛ ನೀರಿನಲ್ಲಿ ತೊಳೆದು, ಕಟ್ಟು ಕಟ್ಟದೆ, ಎದೆಹಾಲು, ಔಡಲೆಣ್ಣೆ, ಎಲೆರಸ ಯಾವುದನ್ನೂ ಕಣ್ಣಿಗೆ ಹಾಕದೆ ಬನ್ನಿ. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕ (ಜಿಐ) ಸಿಕ್ಕಿತು, ಬಹಳ ಖುಷಿ. ರಾಶಿಗೆ ನಿಲ್ಲುವವರಿಗೆ ಪ್ಲಾಸ್ಟಿಕ್ ಕನ್ನಡಕ ಕೊಡುವ ಪದ್ಧತಿ ಇನ್ನೂ ಬಂದಿಲ್ಲ. ಒಂದು ಕ್ವಿಂಟಲ್ ತೊಗರಿಯ ಬೆಲೆಯ ಮುಂದೆ ಅದು ಯಾವ ಲೆಕ್ಕ?

ಕಾಕಾನ ಹುಣ್ಣು ಮಾಯಲು ಏಳು ವಾರ ಹಿಡಿಯಿತು. ಕಾಕಿ ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟು ಹನಿ ಹಾಕಿದರು, ಅವರಿಂದಲೇ ಆ ಗುಡ್ಡೆ ಉಳಿಯಿತು. ಮಧ್ಯದಲ್ಲಿ ಬಿಳಿ ಕಲೆ ಇದೆ, ಎದುರು ಕೂತವರ ಬೆರಳು ಎಣಿಸುತ್ತಾರೆ, ಮುಖ ಗುರುತಿಸುವುದಿಲ್ಲ. ಮುಂದೆ ಕಸಿಗೆ ಹೆಸರು ಬರೆಸಿದ್ದೇವೆ. ಕೊನೆಯ ವಾರ ಸುಮ್ಮನೆ ಕೇಳಿದೆ, ಅಣ್ಣನ ಆ ಬಾಟಲಿ ಏನು ಮಾಡಿದಿರಿ ಎಂದು.

‘ಮಾಡದಾಗ ಅದ ರೀ. ಇನ್ನಾ ಅರ್ಧ ಉಳದದ.’

‘ಕಾಕಾ, ಅದನ್ನ ಚೆಲ್ಲಿಲ್ಲೇನು?’

‘ರೊಕ್ಕ ಕೊಟ್ಟ ಔಷಧ ಹ್ಯಾಂಗ ಚೆಲ್ಲಬೇಕ್ರಿ? ಮನ್ಯಾಗ ಯಾರಿಗರ ಬೇಕಾಗ್ತದ’ ಎಂದರು.

ಮುಂದಿನ ಸಲ ಬರುವಾಗ ತಂದುಕೊಟ್ಟರೆ ಮಾತ್ರ ನೋಡುತ್ತೇನೆ ಎಂದು ಹೆದರಿಸಿದೆ. ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದರು. ನನ್ನ ಟೇಬಲ್ಲಿನ ಕೆಳಗಿನ ಖಾನೆಯಲ್ಲಿ, ಬೇರೆಯವರಿಂದ ಕಸಿದುಕೊಂಡ ಬಾಟಲಿಗಳ ಜೊತೆಗೆ ಇದೆ.