ಟೋನ್‌ವುಡ್: ಗಿಟಾರಿನ ನಾದಕ್ಕೆ ಒದಗುವ ಮರ

ಗಿಟಾರ್ ಕಟ್ಟುವವರು 'ಟೋನ್‌ವುಡ್' ಎಂಬ ಪದವನ್ನು ಬಹಳ ಬಳಸುತ್ತಾರೆ. ಕನ್ನಡದಲ್ಲಿ ಇದನ್ನು ನಾದದ ಮರ ಎನ್ನಬಹುದು. ಸ್ಪ್ರೂಸ್ (ಚಳಿನಾಡಿನ ಸೂಜಿ ಎಲೆಯ ಮರ), ಸೀಡರ್, ಮಹಾಗನಿ, ಬೀಟೆ ಎಂದು ಕೆಲವೇ ಹೆಸರು ಹೇಳಿ ಪಟ್ಟಿ ಮುಗಿಸುವ ರೂಢಿಯಿದ್ದರೂ, ವಾದ್ಯದಲ್ಲಿ ತನಗೆ ಒಪ್ಪಿಸಿದ ಕೆಲಸವನ್ನು ಸರಿಯಾಗಿ ಮಾಡುವ ಯಾವ ಮರಕ್ಕಾದರೂ ಈ ಹೆಸರು ಸಲ್ಲುತ್ತದೆ. ಆದ್ದರಿಂದ ಈ ರೂಢಿಯ ಮರಗಳಿಗೆ ಪರ್ಯಾಯ ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆ, ಆ ಹಲಗೆ ಗಿಟಾರಿನ ಯಾವ ಭಾಗಕ್ಕೆ ಎಂಬುದು.

ಸದ್ದು ಮುಖ್ಯವಾಗಿ ಹೊಮ್ಮುವುದು ಮೇಲ್ಹಲಗೆಯಿಂದ. ಸ್ಟೀಲ್ ತಂತಿಯ ಗಿಟಾರಿನಲ್ಲಿ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ.ಯಷ್ಟಿರುತ್ತದೆ, ಸುಮಾರು 3 ಮಿ.ಮೀ. ದಪ್ಪದ ಹಲಗೆಯೊಂದು ಒಳಗಿನ ಪಟ್ಟಿಗಳ ಆಸರೆಯಿಂದ ಆ ಎಳೆತವನ್ನು ವರ್ಷಗಟ್ಟಲೆ ತಾಳಬೇಕು, ಬೆರಳಿನ ಒಂದು ಮೀಟಿಗೇ ಕಂಪಿಸುವಷ್ಟು ಹಗುರವೂ ಆಗಿರಬೇಕು. ಸ್ಪ್ರೂಸ್ ಮರ ಒಂದು ಘನಮೀಟರಿಗೆ 400ರಿಂದ 450 ಕೆ.ಜಿ. ಮಾತ್ರ ತೂಗಿದರೂ ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಬಲು ಬಿಗಿ. ಬರೀ ಹಗುರವಿದ್ದರೆ ಸಾಲದೆಂಬುದಕ್ಕೆ ಕೊಪ್ಪಳದ ಸಮೀಪದ ಕಿನ್ನಾಳದ ಗೊಂಬೆಗಳೇ ಸಾಕ್ಷಿ: ಅಲ್ಲಿನ ಚಿತ್ರಗಾರರು ಬಳಸುವ ಮರ ಉಳಿಗೆ ಮೃದುವಾಗಿ ಒಗ್ಗುತ್ತದೆ, ಗೊಂಬೆಗೆ ಅದೇ ಅದರ ಗುಣ, ಗಿಟಾರಿನ ಮೇಲ್ಹಲಗೆಯಾದರೆ ಅಂಥ ಮೃದು ಮರ ತಂತಿಯ ಎಳೆತಕ್ಕೆ ಉಬ್ಬಿಬಿಡುತ್ತದೆ. ಮೇಲ್ಹಲಗೆಯ ವಿಷಯದಲ್ಲಿ ನಾನು ಪ್ರಯೋಗಕ್ಕಿಂತ ಸ್ಪ್ರೂಸನ್ನೇ ಕೊಳ್ಳಿರಿ ಎನ್ನುತ್ತೇನೆ.

ಹಿಂಬದಿ ಮತ್ತು ಪಕ್ಕೆಗಳಲ್ಲಿ ಸ್ವಾತಂತ್ರ್ಯ ಹೆಚ್ಚು. ಸ್ಪೇನಿನ ಗಿಟಾರ್ ತಯಾರಕ ಆಂತೋನಿಯೊ ದೆ ತೋರೆಸ್ 1862ರಲ್ಲಿಯೇ ಹಿಂಬದಿ, ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿ, ಒಳ್ಳೆಯ ಮೇಲ್ಹಲಗೆ ಕೂರಿಸಿ ಗಿಟಾರ್ ಕಟ್ಟಿ ತೋರಿಸಿದ್ದರು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಹಿಂಬದಿ ಹಾಗೂ ಪಕ್ಕೆಯ ಮರವೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೇ ತರಹವಿದ್ದ ಆರು ಗಿಟಾರುಗಳನ್ನು 52 ವಾದಕರು ಮರ ಕಣ್ಣಿಗೆ ಕಾಣದಂತೆ ನುಡಿಸಿದರು. ದುಬಾರಿ ಬ್ರೆಜಿಲ್ ಬೀಟೆಗೂ ಆಫ್ರಿಕಾದ ಅಗ್ಗದ ಮರ ಸಪೇಲೆಗೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಮಾಧಾನವಾಯಿತು, ಏಕೆಂದರೆ ಬೀಟೆ ಇನ್ನು ಸುಲಭದ ಮರವಲ್ಲ. ನಮ್ಮ ರಾಜ್ಯದಲ್ಲಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದರ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಹಲಗೆಗಳಿಗೆ ಸಿಗಲಿಲ್ಲ.

ಹಾಗಾದರೆ ನಮ್ಮ ಸುತ್ತಲಿನ ಕಟ್ಟಿಗೆ ಅಡ್ಡೆಗಳಲ್ಲಿ ಏನು ಸಿಗುತ್ತದೆ? ಗಾಡಿಯ ಗಾಲಿಗೆ ಬಳಸುತ್ತಿದ್ದ ಜಾಲಿ ತೂಕದಲ್ಲಿ ಬೀಟೆಗೆ ಹತ್ತಿರ, ಆದರೆ ಮರವೇ ಡೊಂಕಾದ್ದರಿಂದ ನೇರ ಎಳೆಯ ಅಗಲ ಹಲಗೆ ಅಪರೂಪ. ಮಾವಿನ ಮರದಿಂದ ಹವಾಯಿಯಲ್ಲಿ ಉಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ಗಿಟಾರ್ ಮಾಡುತ್ತಾರೆ; ಹಸಿಯಿದ್ದಾಗ ಹುಳು ಬೀಳದಂತೆ ನೋಡಿಕೊಳ್ಳಬೇಕು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹಳೆಯ ಮನೆ ಕೆಡವಿದಾಗ ಬರುವ ಸಾಗುವಾನಿ ತೊಲೆ. ಗಂಗಾವತಿಯ ಅಡ್ಡೆಯೊಂದರಲ್ಲಿ ಅಂಥ ತೊಲೆಯನ್ನು ಸೀಳಿಸಿದಾಗ, ಹೊಗೆ ಹಿಡಿದ ಕಪ್ಪು ಮೈಯ ಕೆಳಗೆ ಜೇನಿನ ಬಣ್ಣದ, ಗೆರೆ ಎಳೆದಂತೆ ನೇರವಾದ ಎಳೆ ಕಂಡಿತು. ಸಾಗುವಾನಿಯ ಎಣ್ಣೆಯಂಶ ಅಂಟನ್ನು ಹಿಡಿಯಗೊಡುವುದಿಲ್ಲ. ಅಂಟಿಸುವ ಮೊದಲು ಸ್ಪಿರಿಟ್‌ನಿಂದ ಒರೆಸಿಕೊಳ್ಳಬೇಕು. ಒಳಗೆ ಮುರಿದುಳಿದ ಮೊಳೆಗಳನ್ನೂ ಮೊದಲೇ ಹುಡುಕಿ ತೆಗೆಯಬೇಕು.

ಹಲಗೆಯ ಪರೀಕ್ಷೆ ಕಿವಿಯಿಂದ. ಒಂದು ತುದಿಯಿಂದ ಸುಮಾರು ಕಾಲುಭಾಗದಷ್ಟು ದೂರದಲ್ಲಿ ಎರಡೇ ಬೆರಳಿನಲ್ಲಿ ಹಿಡಿದು ತೂಗಬಿಟ್ಟು, ನಡುವೆ ಬೆರಳ ಗೆಣ್ಣಿನಿಂದ ಬಡಿಯಿರಿ. ಠಣ್ ಎಂದು ಸದ್ದು ಸ್ವಲ್ಪ ಹೊತ್ತು ನಿಂತರೆ ಆ ಹಲಗೆ ಕಂಪನವನ್ನು ನುಂಗುವುದಿಲ್ಲ. ದಪ್ ಎಂದು ಅಲ್ಲೇ ಸತ್ತರೆ ಪಕ್ಕಕ್ಕಿಡಿ. ಆಮೇಲೆ ಕಡಿದ ತುದಿಯನ್ನು ನೋಡಿ, ಬೆಳವಣಿಗೆಯ ಉಂಗುರಗಳು ಹಲಗೆಯ ಮೈಗೆ ನೆಟ್ಟಗೆ ನಿಂತಿವೆಯೇ ಎಂದು ಗಮನಿಸಬೇಕು. ಹಾಗೆ ಸೀಳಿದ ಹಲಗೆ ಅಡ್ಡಕ್ಕೆ ಕಡಿಮೆ ಕುಗ್ಗುತ್ತದೆ. ರಾಯಚೂರು, ಬಳ್ಳಾರಿಗಳ ಒಣ ಬೇಸಿಗೆಗೆ ಇದು ಅತ್ಯಗತ್ಯ, ಏಕೆಂದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೇವ ಕಳೆದುಕೊಂಡ ಹಲಗೆ ಎಳೆಯುದ್ದಕ್ಕೂ ಬಿರಿಯುತ್ತದೆ. ಸೀಳಿಸಿ ತಂದ ಹಲಗೆಗಳ ನಡುವೆ ಚಕ್ಕೆಗಳನ್ನಿಟ್ಟು ನೆರಳಿನಲ್ಲಿ ಪೇರಿಸಿ, ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೂ ಸೊಟ್ಟಗಾಗದೆ ಉಳಿದದ್ದನ್ನಷ್ಟೇ ನಾನು ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ.