ಫ್ಲೋರಿಡಾದ ಹವಳ ನರ್ಸರಿಗಳು: ನೆಟ್ಟ ಲೆಕ್ಕ ಬಿಡಿ, ತಳಿ ಎಷ್ಟು ಉಳೀತು ನೋಡಿ

ಪರಿಸರ ಪೇಪರ್‌ಗೆ ಓದ್ತಿರೋರಿಗೆ ಈ ನೋಟ್ಸ್. ಹವಳದ ದಿಬ್ಬ ಉಳಿಸೋ ಸಂಸ್ಥೆಗಳ ಬಗ್ಗೆ ಎಲ್ಲಿ ನೋಡಿದ್ರೂ "ಇಷ್ಟು ಸಾವಿರ ಹವಳ ನೆಟ್ವಿ" ಅನ್ನೋ ಲೆಕ್ಕಾನೇ ಮುಂದಿರತ್ತೆ, ನಾವೂ ಅದನ್ನೇ ಬರ್ಕೊಂಡು ಹೋಗ್ತೀವಿ. ಫ್ಲೋರಿಡಾ ಕೀಸ್ (ಅಮೆರಿಕದ ಫ್ಲೋರಿಡಾದ ದಕ್ಷಿಣ ತುದಿಯ ದ್ವೀಪಸಾಲು) ಕಥೆ ಪೂರ್ತಿ ಓದಿದ ಮೇಲೆ ಆ ಲೆಕ್ಕದಿಂದ ಅಷ್ಟೇನೂ ತಿಳಿಯಲ್ಲ ಅಂತ ನನಗೆ ಖಚಿತವಾಗಿದೆ, ಯಾಕೆ ಅಂತ ಹೇಳ್ತೀನಿ.

ಬೇಸಿಕ್ಸ್ ಬೇಗ ಮುಗಿಸೋಣ. ಹವಳ ಒಂದು ಪ್ರಾಣಿ, ಅದರ ಅಂಗಾಂಶದೊಳಗೆ ಝೂಕ್ಸಾಂಥೆಲ್ಲೆ ಅನ್ನೋ ಸೂಕ್ಷ್ಮ ಪಾಚಿ ಇದ್ದು ಬಿಸಿಲಿಂದ ಆಹಾರ ಮಾಡಿ ಕೊಡತ್ತೆ, ಬಣ್ಣಾನೂ ಹೆಚ್ಚಾಗಿ ಅದರಿಂದಾನೇ ಬರೋದು. ನೀರು ತುಂಬಾ ಬಿಸಿ ಆದ್ರೆ ಹವಳ ಆ ಪಾಚಿನ ಹೊರಗೆ ಹಾಕಿ ಬೆಳ್ಳಗಾಗತ್ತೆ, ಅದೇ ಬ್ಲೀಚಿಂಗ್. ಬೆಳ್ಳಗಾದ ತಕ್ಷಣ ಸತ್ತಿದೆ ಅಂತಲ್ಲ, ನೀರು ಬೇಗ ತಣ್ಣಗಾದ್ರೆ ಚೇತರಿಸ್ಕೊಳ್ಳತ್ತೆ.

ಕೆರಿಬಿಯನ್ ಮತ್ತು ಫ್ಲೋರಿಡಾದಲ್ಲಿ ದಿಬ್ಬ ಕಟ್ಟೋ ಮುಖ್ಯ ಹವಳಗಳಲ್ಲಿ ಎರಡು ಸ್ಟ್ಯಾಗ್‌ಹಾರ್ನ್ ಮತ್ತು ಎಲ್ಕ್‌ಹಾರ್ನ್, ಎರಡೂ ಅಕ್ರೊಪೊರಾ ಜಾತಿ. ವೈಟ್ ಬ್ಯಾಂಡ್ ರೋಗ ಬಂದು ಇವು ಹೆಚ್ಚುಕಮ್ಮಿ ಅಳಿದೇ ಹೋದ್ವು. ಜೊತೆಗೆ 1983ರಲ್ಲಿ ಪಾಚಿ ತಿಂದು ಬಂಡೆ ಕ್ಲೀನಾಗಿಡ್ತಿದ್ದ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳೂ ರೋಗದಿಂದ ಸತ್ವು, ಆಮೇಲೆ ಎಳೇ ಹವಳ ಕೂರೋಕೆ ಖಾಲಿ ಬಂಡೇನೇ ಸಿಗದ ಹಾಗಾಯ್ತು. 2006ರಲ್ಲಿ ಅಮೆರಿಕ ಈ ಎರಡನ್ನೂ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿಸ್ತು.

ಈಗ ಸಂಸ್ಥೆ ವಿಷಯ. ಕೆನ್ ನೆಡಿಮೈಯರ್ ಅಂತ ಒಬ್ರು ಕೀಸ್‌ನಲ್ಲಿ ಸಮುದ್ರದ ತಳ ಲೀಸಿಗೆ ತಗೊಂಡು ಅಕ್ವೇರಿಯಂ ವ್ಯಾಪಾರಕ್ಕೆ ಕಲ್ಲು ಬೆಳೆಸ್ತಿದ್ರು, ಅಂದ್ರೆ ಖಾಲಿ ಕಲ್ಲು ಇಟ್ಟು ಅದರ ಮೇಲೆ ಸಮುದ್ರ ಜೀವಿಗಳು ಹತ್ತೋವರೆಗೆ ಕಾಯೋ ಕೆಲಸ. 1990ರ ದಶಕದಲ್ಲಿ ಆ ಕಲ್ಲುಗಳ ಮೇಲೆ ಸ್ಟ್ಯಾಗ್‌ಹಾರ್ನ್ ತಾನಾಗೇ ಬಂದು ಕೂತ್ವು. ಕಾಡು ಹವಳ ಮುಟ್ಟೋದು ಕಾನೂನಿಗೆ ವಿರುದ್ಧ, ಆದ್ರೆ ಇವು ಅವರದ್ದೇ ಕಲ್ಲಿನ ಮೇಲಿದ್ವು, ಹಾಗಾಗಿ ಮುರಿದು ಬೆಳೆಸೋಕೆ ದಾರಿ ಆಯ್ತು. 2007ರಲ್ಲಿ ಅವರು ಕೋರಲ್ ರೆಸ್ಟೊರೇಷನ್ ಫೌಂಡೇಶನ್ ಶುರು ಮಾಡಿದ್ರು, ಕೀ ಲಾರ್ಗೊದಲ್ಲಿ, ಲಾಭಕ್ಕಲ್ಲದ ಸಂಸ್ಥೆ.

ಅವರ ನರ್ಸರಿ ನೋಡೋಕೆ ಹೀಗಿರತ್ತೆ: ನಡುವೆ ಒಂದು ಪಿವಿಸಿ ಪೈಪು, ಅದಕ್ಕೆ ಅಡ್ಡಡ್ಡ ಫೈಬರ್‌ಗ್ಲಾಸ್ ಕಡ್ಡಿ, ಕೆಳಗೆ ಮರಳಿಗೆ ಆಂಕರ್, ಮೇಲೆ ತೇಲೋ ಬುರುಡೆ, ಪ್ರತಿ ಕಡ್ಡಿಗೂ ಮೀನು ಗಾಳದ ದಾರದಲ್ಲಿ ಬೆರಳುದ್ದದ ಹವಳದ ತುಂಡುಗಳು ನೇತಾಡ್ತಿರತ್ವೆ, ಇದಕ್ಕೆ ಮರ ಅಂತಾರೆ. ನಡುನೀರಲ್ಲಿ ತೂಗ್ತಾ ಇರೋದ್ರಿಂದ ಮರಳು ಮುಚ್ಚಲ್ಲ, ನೆಲದ ಮೇಲೆ ಹರಿದಾಡೋ ಹುಳಗಳು ಸುಲಭಕ್ಕೆ ಹತ್ತಲ್ಲ, ನಾಲ್ಕೂ ಕಡೆಯಿಂದ ನೀರಾಡತ್ತೆ, ಹಾಗಾಗಿ ಬೇಗ ಬೆಳೆಯತ್ತೆ. ಪೈಪಿಗೆ ಮಾತ್ರ ಪಾಚಿ ಕಟ್ತಾನೇ ಇರತ್ತೆ, ಡೈವರ್‌ಗಳು, ಅವರಲ್ಲಿ ಎಷ್ಟೋ ಜನ ವಾಲಂಟಿಯರ್‌ಗಳು, ಇಳಿದು ಕೆರೆದು ಕೆರೆದು ತೆಗೀಬೇಕು. ಕೆಲವು ತಿಂಗಳು ಬೆಳೆದ ಮೇಲೆ ದಿಬ್ಬಕ್ಕೆ ಒಯ್ದು, ಬಂಡೆ ಉಜ್ಜಿ, ಎಪಾಕ್ಸಿ ಹಾಕಿ ಅಂಟಿಸ್ತಾರೆ.

ಎಲ್ಲರೂ ಮಿಸ್ ಮಾಡೋ ಪಾಯಿಂಟ್ ಇಲ್ಲಿದೆ. ಇದು ದಾಸವಾಳದ ಕಡ್ಡಿ ಮುರಿದು ನೆಟ್ಟ ಹಾಗೆ, ಒಂದೇ ತಾಯಿಯಿಂದ ಸಾವಿರ ತುಂಡು ಮಾಡಿದ್ರೂ ಸಾವಿರವೂ ಒಂದೇ ತಳಿ. ಒಂದಕ್ಕೆ ತಡೆಯೋಕಾಗದ ಬಿಸಿ ಯಾವುದಕ್ಕೂ ತಡೆಯೋಕಾಗಲ್ಲ. ಅಷ್ಟೇ ಅಲ್ಲ, ಆಗಸ್ಟ್ ಹುಣ್ಣಿಮೆ ಆಸುಪಾಸಿನ ರಾತ್ರಿಗಳಲ್ಲಿ ಅಕ್ರೊಪೊರಾ ಮೊಟ್ಟೆ ವೀರ್ಯ ನೀರಿಗೆ ಬಿಡತ್ತಲ್ಲ, ಅದು ಫಲಿಸೋಕೆ ಬೇರೆ ತಳಿಯದ್ದು ಪಕ್ಕದಲ್ಲಿ ಇರ್ಲೇಬೇಕು. ಅದಕ್ಕೇ ಯಾವ ಮರದಲ್ಲಿ ಯಾವ ತಳಿ ಅಂತ ಟ್ಯಾಗ್ ಹಾಕಿ ದಾಖಲೆ ಇಡ್ತಾರೆ.

ಒಂದೇ ಸಂಸ್ಥೆ ಕೈಲಿ ಆಗೋ ಕೆಲಸ ಅಲ್ಲ ಇದು. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ನೋವಾ (ಸಾಗರ ಮತ್ತು ಹವಾಮಾನ ಇಲಾಖೆ) ಮಿಷನ್ ಐಕಾನಿಕ್ ರೀಫ್ಸ್ ಘೋಷಿಸ್ತು, ಏಳು ದಿಬ್ಬ ಆರಿಸ್ಕೊಂಡು ಈ ಫೌಂಡೇಶನ್, ಮೋಟ್ ಮರೀನ್ ಲ್ಯಾಬ್, ಫ್ಲೋರಿಡಾ ಅಕ್ವೇರಿಯಂ ಮುಂತಾದೋರೆಲ್ಲ ಕೈ ಸೇರಿಸಿದ್ರು.

ಆಮೇಲೆ 2023 ಬಂತು. ಇದಕ್ಕೆ ಮೊದಲು ಡಿಗ್ರಿ ಹೀಟಿಂಗ್ ವೀಕ್ (ಬಿಸಿ ಎಷ್ಟು ಜಾಸ್ತಿ, ಎಷ್ಟು ವಾರ ಇತ್ತು ಅಂತ ಸೇರಿಸಿ ಅಳೆಯೋ ಲೆಕ್ಕ) ಅರ್ಥ ಮಾಡ್ಕೊಳ್ಳಿ: ಆ ಜಾಗದ ಅತಿ ಬೆಚ್ಚನೆ ತಿಂಗಳ ಸರಾಸರಿಗಿಂತ 2 ಡಿಗ್ರಿ ಜಾಸ್ತಿ ಬಿಸಿ 4 ವಾರ ಇದ್ರೆ 8 ಯೂನಿಟ್. 4 ದಾಟಿದ್ರೆ ದೊಡ್ಡ ಮಟ್ಟದ ಬ್ಲೀಚಿಂಗ್ ಆಗೋ ಸಾಧ್ಯತೆ ಜಾಸ್ತಿ, 8 ದಾಟಿದ್ರೆ ಸಾವು ಶುರು. ಆ ಜುಲೈನಲ್ಲಿ ಮ್ಯಾನಟೀ ಬೇ ಅನ್ನೋ ಕಡೆ ನೀರು 38 ಡಿಗ್ರಿ ಮುಟ್ತು ಅಂತ ಸುದ್ದಿಯಾಗಿದ್ದು ಆಳವಿಲ್ಲದ ಕೊಲ್ಲಿಯ ಅಳತೆ, ದಿಬ್ಬದ್ದಲ್ಲ, ಪರೀಕ್ಷೆ ಉತ್ತರ ಬರೆಯೋವಾಗ ಅದನ್ನ ದಿಬ್ಬಕ್ಕೆ ಅಂಟಿಸ್ಬೇಡಿ. ದಿಬ್ಬದ ಸ್ಥಿತಿ ಹೇಗಿತ್ತು ಅಂದ್ರೆ ಜುಲೈ 20ಕ್ಕೆ ಫೌಂಡೇಶನ್‌ನೋರು ಸೊಂಬ್ರೆರೊ ರೀಫ್‌ಗೆ ಇಳಿದಾಗ ಜೀವ ಇರೋ ಹವಳ ಒಂದೂ ಕಾಣ್ಲಿಲ್ಲ, ಎಲ್ಲಾ ಸತ್ತಿತ್ತು. ವರ್ಷಗಟ್ಟಲೆ ನೆಟ್ಟಿದ್ದು. ಇದನ್ನ ಓದ್ತಾ ನನಗೆ ನಿಜಕ್ಕೂ ಸಂಕಟ ಆಯ್ತು.

ಆದ್ರೆ ಅದೇ ವಾರಗಳಲ್ಲಿ ನರ್ಸರಿಗಳಿಂದ ಪ್ರತಿ ತಳಿಯ ಒಂದೆರಡು ತುಂಡನ್ನಾದ್ರೂ ಬೋಟಲ್ಲಿ ತಂದು ದಡದ ಮೇಲಿನ ಟ್ಯಾಂಕ್‌ಗಳಿಗೆ, ಕೀಸ್ ಮರೀನ್ ಲ್ಯಾಬ್‌ನಂಥ ಕಡೆ, ಸೇರಿಸೋ ಓಡಾಟ ನಡೀತಿತ್ತು. 2025ರ ಅಕ್ಟೋಬರ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಕೀಸ್‌ನ ಆ ಎರಡು ಅಕ್ರೊಪೊರಾಗಳಲ್ಲಿ ಶೇ 97ಕ್ಕಿಂತ ಹೆಚ್ಚು ಸತ್ವು, ಫ್ಲೋರಿಡಾದಲ್ಲಿ ಅವು ಕ್ರಿಯಾತ್ಮಕವಾಗಿ ಅಳಿದಿವೆ, ಅಂದ್ರೆ ಅಲ್ಲೊಂದು ಇಲ್ಲೊಂದು ಬದುಕಿದ್ರೂ ದಿಬ್ಬ ಕಟ್ಟೋ ಕೆಲಸ ಮಾಡೋವಷ್ಟಿಲ್ಲ. ಹಾಗಾಗಿ ಇವತ್ತು ಈ ಸಂಸ್ಥೆಗಳ ನಿಜವಾದ ಆಸ್ತಿ ಟ್ಯಾಂಕ್‌ನಲ್ಲಿರೋ ತಳಿಗಳೇ.

ನಮ್ಮಲ್ಲೂ ಇದೇ ಪ್ರಶ್ನೆ ಇದೆ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆ 2002ರಿಂದ ಹವಳದ ತುಂಡು ನೆಡ್ತಿದೆ, ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ. ಇಂಥ ಯಾವ ಯೋಜನೆ ಬಗ್ಗೆ ಓದಿದ್ರೂ ಎರಡು ಕೇಳಿ: ಎಷ್ಟು ತಳಿ ಇದೆ, ಬಿಸಿ ವರ್ಷ ಆದ್ಮೇಲೆ ಯಾವುದು ಉಳೀತು.

ಫ್ಲೋರಿಡಾದಲ್ಲಿ ಮುಂದಿನ ಹೆಜ್ಜೆ ಇಟ್ಟಾಗಿದೆ. ಹೊಂಡುರಾಸ್‌ನ ಟೆಲಾ ಕೊಲ್ಲಿಯ ನೀರು ಬೆಚ್ಚಗಿದ್ರೂ ಅಲ್ಲಿ ಎಲ್ಕ್‌ಹಾರ್ನ್ ಚೆನ್ನಾಗಿದೆ, ಅದನ್ನ ತಂದು ಫ್ಲೋರಿಡಾದ ಎಲ್ಕ್‌ಹಾರ್ನ್ ಜೊತೆ ಕ್ರಾಸ್ ಮಾಡಿ, ಹುಟ್ಟಿದ ಮರಿಗಳನ್ನ 2025ರಲ್ಲಿ ಮಯಾಮಿ ಹತ್ತಿರದ ದಿಬ್ಬದಲ್ಲಿ ನೆಟ್ಟಿದ್ದಾರೆ, ಬರೀ ಸ್ಥಳೀಯ ತಳಿಗಳನ್ನೂ ಪಕ್ಕದಲ್ಲೇ ಇಟ್ಟಿದ್ದಾರೆ, ಯಾವುದು ಬಿಸಿ ತಡೆಯತ್ತೆ ಅಂತ ಹೋಲಿಸೋಕೆ.