ಬಿಸಿಲು ನಾಡಿನಲ್ಲಿ ಹಲಗೆಬಾಗಿಲಿನ ಜೋಡಣೆ

ಕೊಪ್ಪಳ, ರಾಯಚೂರು ಸೀಮೆಯಲ್ಲಿ ಮಳೆಗಾಲದಲ್ಲಿ ಮಾಡಿಸಿದ ಸಾಗವಾನಿ ಬಾಗಿಲಿನ ನಡುಹಲಗೆ ಮುಂದಿನ ಏಪ್ರಿಲ್ ಹೊತ್ತಿಗೆ ಉದ್ದಕ್ಕೆ ಸೀಳಿದಾಗ, ಮನೆಯವರು ಮೊದಲು ದೂರುವುದು ಕಟ್ಟಿಗೆಯನ್ನು. ನಾನು ಬಿಚ್ಚಿ ನೋಡಿದ ಇಂಥ ಬಾಗಿಲುಗಳಲ್ಲಿ ಹೆಚ್ಚಿನವುಗಳ ಕಟ್ಟಿಗೆ ಚೆನ್ನಾಗಿಯೇ ಇತ್ತು. ಹಲಗೆಯ ನಾಲ್ಕೂ ಅಂಚುಗಳನ್ನು ಚೌಕಟ್ಟಿಗೆ ಅಂಟು ಹಾಕಿ ಬಿಗಿದಿದ್ದರು.

ಕಟ್ಟಿಗೆ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಂತೆ ಕುಗ್ಗುತ್ತದೆ. ಈ ಬದಲಾವಣೆ ಎಳೆಯ ಉದ್ದಕ್ಕೆ ನಗಣ್ಯ, ಅಡ್ಡಕ್ಕೆ ಗಣನೀಯ. ಹಸಿ ಸಾಗವಾನಿ ಪೂರ್ತಿ ಒಣಗುವಾಗ ವರ್ಷದ ಬಳೆಗಳ ಗುಂಟ ಸುಮಾರು ಶೇ. 5.8ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿಗೆ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ. ಗಾಳಿಯ ಆರ್ದ್ರತೆ ಶೇ. 70 ಇದ್ದಾಗ ಕಟ್ಟಿಗೆಯಲ್ಲಿ ಶೇ. 13ರಷ್ಟು ತೇವ ನಿಲ್ಲುತ್ತದೆ. ನಮ್ಮ ಬೇಸಿಗೆಯಂತೆ ಆರ್ದ್ರತೆ ಶೇ. 30ರ ಆಸುಪಾಸಿಗೆ ಇಳಿದು ಹಾಗೆಯೇ ಉಳಿದರೆ ಅದು ಶೇ. 6ಕ್ಕೆ ಬರುತ್ತದೆ. ಇಷ್ಟು ವ್ಯತ್ಯಾಸಕ್ಕೆ 400 ಮಿ.ಮೀ. ಅಗಲದ, ಬಳೆಗಳ ಗುಂಟ ಕೊಯ್ದ ಹಲಗೆ ಸುಮಾರು 5 ಮಿ.ಮೀ. ಕಿರಿದಾಗುತ್ತದೆ. ಅದನ್ನು ತಡೆಯುವ ಶಕ್ತಿ ಯಾವ ಅಂಟಿಗೂ ಇಲ್ಲ. ಅಂಟು ಬಿಡದಿದ್ದರೆ ಹಲಗೆ ಬಿರಿಯುತ್ತದೆ.

ಆದ್ದರಿಂದ ಬಿಗಿ ಇರಬೇಕಾದದ್ದು ಚೌಕಟ್ಟಿನ ಮೂಲೆಗಳಲ್ಲಿ ಮಾತ್ರ. ಅಲ್ಲಿ ಮಾರ್ಟೈಸ್-ಟೆನನ್ ಜೋಡಣೆಗೆ, ಅಂದರೆ ಚೌಕಟ್ಟಿನ ಒಂದು ಪಟ್ಟಿಯ ತೂತಿನೊಳಗೆ (ಮಾರ್ಟೈಸ್) ಇನ್ನೊಂದು ಪಟ್ಟಿಯ ತುದಿಯ ನಾಲಿಗೆಯನ್ನು (ಟೆನನ್) ಕೂಡಿಸುವುದಕ್ಕೆ, ಸಮನಾದುದು ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಟೆನನ್ನಿನ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗವಿರಲಿ: 36 ಮಿ.ಮೀ. ಪಟ್ಟಿಗೆ 12 ಮಿ.ಮೀ., ಅಂದರೆ 12ರ ಉಳಿಯ ಅಗಲ ಸರಿಯಾಗಿ ಹೊಂದುತ್ತದೆ. ಗೆರೆ ಗೀರುವ ಗೇಜಿನ ಮುಳ್ಳುಗಳನ್ನು ಆ ಉಳಿಯ ಅಗಲಕ್ಕೇ ಕೂಡಿಸಿ, ಎರಡೂ ಪಟ್ಟಿಗಳಿಗೆ ಮುಖದ ಬದಿಯಿಂದಲೇ ಗೆರೆ ಎಳೆಯಬೇಕು. ಒಂದಕ್ಕೆ ಮುಂದಿನಿಂದ, ಇನ್ನೊಂದಕ್ಕೆ ಹಿಂದಿನಿಂದ ಎಳೆದರೆ ದಪ್ಪದಲ್ಲಿರುವ ಅರ್ಧ ಮಿ.ಮೀ. ವ್ಯತ್ಯಾಸವೂ ಬಾಗಿಲಿನ ಮುಖದ ಮೇಲೆ ಮೆಟ್ಟಿಲಾಗಿ ಕಾಣುತ್ತದೆ. ಆರಪಾರ ಹೋಗುವ ತೂತನ್ನು ಎರಡೂ ಬದಿಯಿಂದ ಕೊರೆದು ನಡುವೆ ಕೂಡಿಸಬೇಕು, ಇಲ್ಲದಿದ್ದರೆ ಉಳಿ ಹೊರಬರುವ ಕಡೆ ಸಿಬಿರು ಏಳುತ್ತದೆ. ಟೆನನ್ ಕೊಯ್ಯುವಾಗ ಗರಗಸ ಗೆರೆಯ ಹೊರಗೆ, ತೆಗೆದುಹಾಕುವ ಭಾಗದಲ್ಲಿ ನಡೆಯಲಿ. ಕೊಡತಿಯ ಹಗುರ ಪೆಟ್ಟಿಗೆ ಕೂಡುವುದು ಸರಿಯಾದ ಅಳತೆ; ಸುತ್ತಿಗೆಯಿಂದ ಜಡಿದು ಕೂಡಿಸಿದರೆ ತೂತಿನ ಗೋಡೆ ಒಡೆಯುವ ಭಯವಿದೆ.

ಈ ಮೂಲೆಗೆ ಕಬ್ಬಿಣದ ಮೊಳೆಗಿಂತ ಬಿದಿರಿನ ಗೂಟ ಮೇಲು. ಗೂಟಕ್ಕಾಗಿ ಟೆನನ್ನಿನಲ್ಲಿ ಕೊರೆಯುವ ರಂಧ್ರವನ್ನು, ತೂತಿನ ಗೋಡೆಯಲ್ಲಿರುವ ರಂಧ್ರಕ್ಕಿಂತ ಅದರ ಭುಜದ (ಟೆನನ್ ಪಟ್ಟಿಯಿಂದ ಹೊರಡುವ ಬುಡದ ಮೆಟ್ಟಿಲಿನ) ಕಡೆಗೆ ಸುಮಾರು ಒಂದೂವರೆ ಮಿ.ಮೀ. ಸರಿಸಿ ಕೊರೆದರೆ, ತುದಿ ಸವರಿದ ಗೂಟ ಒಳಹೋಗುತ್ತ ಎರಡೂ ಪಟ್ಟಿಗಳನ್ನು ಒಂದರತ್ತ ಒಂದನ್ನು ಎಳೆದು ಹಿಡಿಯುತ್ತದೆ, ಅಂಟು ಸೋತರೂ ಮೂಲೆ ಸಡಿಲಾಗುವುದಿಲ್ಲ. ಕೊಪ್ಪಳ ಹತ್ತಿರದ ಕಿನ್ನಾಳದ ಚಿತ್ರಗಾರರು ಕಟ್ಟಿಗೆ ಬೊಂಬೆಗಳ ಸಂದುಗಳನ್ನು ಹುಣಸೆ ಬೀಜದ ಅಂಟು ಬೆರೆಸಿದ ಕಿಟ್ಟವೆಂಬ ಲೇಪದಿಂದ ಮುಚ್ಚಿ ಬಣ್ಣ ಹಾಕುತ್ತಾರೆ. ಹಗುರ ಕಟ್ಟಿಗೆಯ ಸಣ್ಣ ತುಂಡುಗಳಿಗೆ ಅದು ಉತ್ತಮ ವಿಧಾನ. ದಿನವೂ ಎಳೆದು ತಳ್ಳುವ ಬಾಗಿಲಿನ ಭಾರಕ್ಕೆ ತುಂಬುವ ಪದಾರ್ಥ ಆಸರೆಯಾಗದು.

ನಡುಹಲಗೆಗೆ ಅಂಟು ಬೇಡ, ಮೊಳೆಯೂ ಬೇಡ. ಚೌಕಟ್ಟಿನ ಒಳ ಅಂಚಿನಲ್ಲಿ 12 ಮಿ.ಮೀ. ಆಳದ ತೋಡು ಕೊರೆದು ಹಲಗೆಯನ್ನು ಅದರಲ್ಲಿ ಸುಮ್ಮನೆ ಕೂಡಿಸಬೇಕು. ಬೇಸಿಗೆಯಲ್ಲಿ ಮಾಡುವ ಬಾಗಿಲಾದರೆ 400 ಮಿ.ಮೀ. ಹಲಗೆಗೆ ಎಡಬಲದ ತೋಡುಗಳಲ್ಲಿ ತಲಾ 3 ಮಿ.ಮೀ. ಖಾಲಿ ಬಿಡಬೇಕು, ಏಕೆಂದರೆ ಅದು ಮಳೆಗಾಲದಲ್ಲಿ ಹಿಗ್ಗಲಿದೆ. ಮಳೆಗಾಲದಲ್ಲಿ ಮಾಡುವುದಾದರೆ ತಲಾ ಒಂದು ಮಿ.ಮೀ. ಸಾಕು. ಎಳೆ ಮೇಲಿಂದ ಕೆಳಗೆ ಸಾಗುವುದರಿಂದ ಮೇಲಿನ ಮತ್ತು ಕೆಳಗಿನ ತೋಡುಗಳಲ್ಲಿ ಇಷ್ಟು ಜಾಗ ಬೇಕಾಗುವುದಿಲ್ಲ. ಹಲಗೆಗೆ ಪಾಲಿಶನ್ನು ಜೋಡಿಸುವ ಮೊದಲೇ, ಅಂಚುಗಳೂ ಸೇರುವಂತೆ ಹಚ್ಚಿರಬೇಕು. ಜೋಡಿಸಿದ ಮೇಲೆ ಹಚ್ಚಿದರೆ ಪಾಲಿಶ್ ತೋಡಿನೊಳಕ್ಕೆ ಹರಿದು ಹಲಗೆಯನ್ನು ಹಿಡಿದುಬಿಡಬಹುದು. ಹಿಡಿಯದಿದ್ದರೂ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅದರ ಎರಡೂ ಅಂಚಿಗೆ ಬಣ್ಣ ಕಾಣದ ಬಿಳಿಚಿದ ಪಟ್ಟಿ ಹೊರಬೀಳುತ್ತದೆ.